ಊರಿನ ಕರೆ ಬರುವ ಮೊದಲೇ ಕೊಡಬೇಕಾದ ಉತ್ತರ

ಪರಸ್ಥಳದಲ್ಲಿ ಹೊಟ್ಟೆಪಾಡಿಗಾಗಿ ದುಡಿಯುವ ನಮ್ಮವರ ಸಂಸಾರವು ಬಹುಮಟ್ಟಿಗೆ ಎರಡು ಊರುಗಳಲ್ಲಿ ನಡೆಯುವಂತಹದು. ಗಂಡನು ಮುಂಬಯಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆಯೋ, ಪುಣೆಯ ಯಾವುದೋ ಅಡಿಗೆಮನೆಯ ಒಲೆಯ ಬಳಿಯೋ, ಚೆನ್ನೈ ಹೈದರಾಬಾದುಗಳ ಕಚೇರಿಯ ಕಡತಗಳ ನಡುವೆಯೋ ಇರುತ್ತಾನೆ. ಹೆಂಡತಿಯು ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗಾಗಿ ತವರಿಗೆ ಹೋಗಿರುತ್ತಾಳೆ. ಇದು ತಲೆತಲಾಂತರದಿಂದ ಬಂದ ಪದ್ಧತಿ. ಅದರಲ್ಲಿ ಹಿತವೂ ಉಂಟು. ತಾಯಿಯ ಕೈಯ ಆರೈಕೆಯು ಚಾಳಿನ ಒಂದು ಕೋಣೆಯಲ್ಲಿ ದೊರೆಯುವಂತಹದಲ್ಲ. ಆದರೆ ಈ ಪದ್ಧತಿಯ ಜೊತೆಗೇ ನಡೆದು ಬಂದಿರುವ ಒಂದು ಅಪಾಯವುಂಟು. ಅದನ್ನು ಕುರಿತು ನಾವು ಬಾಯಿಬಿಟ್ಟು ಮಾತನಾಡುವುದಿಲ್ಲ.

ಅದು ಹೀಗೆ. ಒಂದು ರಾತ್ರಿ ಊರಿನಿಂದ ದೂರವಾಣಿಯ ಕರೆ ಬರುತ್ತದೆ. ಮಾವನವರ ಧ್ವನಿ. “ಅಳಿಯಂದಿರೇ, ಬೆಳಗಿನಿಂದ ಬೇನೆ ತಿನ್ನುತ್ತಿದ್ದಾಳೆ. ಇಲ್ಲಿಯ ದಾದಿಯು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎನ್ನುತ್ತಾಳೆ. ಹೊಟ್ಟೆ ಕೊಯ್ಯಬೇಕಾದೀತಂತೆ. ನೀವು ಏನು ಹೇಳುತ್ತೀರಿ?” ನೂರಾರು ಮೈಲಿ ದೂರದಲ್ಲಿರುವ, ಹೆರಿಗೆಯ ವಿಷಯದಲ್ಲಿ ಏನನ್ನೂ ಅರಿಯದ, ನಿದ್ದೆಗಣ್ಣಿನ ಮನುಷ್ಯನೊಬ್ಬನಿಗೆ ಈ ಪ್ರಶ್ನೆ! ಅವನು ಖರ್ಚನ್ನು ನೆನೆಯುತ್ತಾನೆ. ತನ್ನ ತಾಯಿಯನ್ನು ಕೇಳಬೇಕೆನ್ನುತ್ತಾನೆ. “ಬೆಳಗಾಗಲಿ, ನೋಡೋಣ” ಎಂದುಬಿಡುತ್ತಾನೆ. ಈ ಪ್ರಶ್ನೆಯು ಆ ರಾತ್ರಿ ಬರಲೇಕೂಡದು ಎಂಬುದೇ ಈ ಲೇಖನದ ತಾತ್ಪರ್ಯ. ಅದಕ್ಕೆ ಉತ್ತರವನ್ನು ಎರಡು ತಿಂಗಳ ಮೊದಲೇ ಕೊಟ್ಟು ಮುಗಿಸಿರತಕ್ಕದ್ದು.

ಇದನ್ನು ನಾನು ಪುಸ್ತಕ ಓದಿ ಬರೆಯುತ್ತಿಲ್ಲ. ೧೯೮೮ರಲ್ಲಿ ನಾನು ಮುಂಬಯಿಯ ಕೋಟೆ ವಿಭಾಗದ ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತನಾಗಿದ್ದೆನು. ವಾಸ ಡೊಂಬಿವಲಿಯಲ್ಲಿ. ನನ್ನ ಹೆಂಡತಿಯು ಚೊಚ್ಚಲ ಹೆರಿಗೆಗೆ ಘಟ್ಟದ ಬುಡದ ತನ್ನ ಹಳ್ಳಿಗೆ ಹೋಗಿದ್ದಳು. ಒಂದು ಮಂಗಳವಾರ ರಾತ್ರಿ ಒಂಬತ್ತು ಗಂಟೆಗೆ ಕೋಣೆಗೆ ಮರಳಿದಾಗ ನೆರೆಮನೆಯವರು ತಂತಿಯೊಂದನ್ನು ಕೈಗಿತ್ತರು. “ಹೆರಿಗೆ ತಡ. ದೊಡ್ಡ ಆಸ್ಪತ್ರೆಗೆ ಸಾಗಿಸಲು ಒಪ್ಪಿಗೆ ತಿಳಿಸಿರಿ” ಎಂದಿತ್ತು. ಓಡಿಹೋಗಿ ಮರುತಂತಿ ಕಳುಹಿಸಿದೆನು. ಅದು ಹಳ್ಳಿಯನ್ನು ಮುಟ್ಟಿದುದು ಮರುದಿನ ಮಧ್ಯಾಹ್ನ. ದೊಡ್ಡ ಆಸ್ಪತ್ರೆಯನ್ನು ಸೇರಿದಾಗ ವೈದ್ಯರು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಆಲಿಸಿದರು. ಮಗುವಿನ ಎದೆಬಡಿತ ಕೇಳಿಸಲಿಲ್ಲ.

ಹಿಂದಿನ ದಿನವೇ ಹಳ್ಳಿಯ ದಾದಿಯು ಬಡಿತ ನಿಧಾನವಾಗುತ್ತಿರುವುದನ್ನು ಕೇಳಿ ಎಚ್ಚರಿಸಿದ್ದಳೆಂದು ಆಮೇಲೆ ತಿಳಿಯಿತು. ಮಾವನವರಲ್ಲಿ ಹಣವಿರಲಿಲ್ಲವೆಂದಲ್ಲ, ಜೀಪು ಸಿಕ್ಕುತ್ತಿರಲಿಲ್ಲವೆಂದೂ ಅಲ್ಲ. ಕೊಟ್ಟ ಹೆಣ್ಣನ್ನು ಅಳಿಯನ ಒಪ್ಪಿಗೆಯಿಲ್ಲದೆ ಶಸ್ತ್ರಕ್ರಿಯೆಗೆ ಒಪ್ಪಿಸುವುದು ಮರ್ಯಾದೆಯಲ್ಲವೆಂದು ಅವರು ಭಾವಿಸಿದ್ದರು. ನನ್ನ ಹೆಂಡತಿಯು ಬದುಕಿ ಉಳಿದಳು. ಮುಂದೆ ನಮಗೆ ಇಬ್ಬರು ಮಕ್ಕಳೂ ಆದರು. ಆದರೆ ಮಾವನವರು ಸಾಯುವ ತನಕ ಆ ರಾತ್ರಿಯನ್ನು ಮರೆಯಲಿಲ್ಲ. ನಾನು ಅವರನ್ನು ದೂರಿದವನಲ್ಲ. “ನನ್ನನ್ನು ಕೇಳಬೇಡಿರಿ, ಕರೆದೊಯ್ಯಿರಿ” ಎಂಬ ಒಂದು ಮಾತನ್ನು ಸೀಮಂತದ ದಿನವೇ ಹೇಳಿ ಬರಬಹುದಾಗಿದ್ದವನು ನಾನು, ಹೇಳಿರಲಿಲ್ಲ.

ತಂತಿಯ ಕಾಲ ಮುಗಿಯಿತು. ೨೦೧೩ರ ಜುಲೈಯಲ್ಲಿ ಆ ಸೇವೆಯೇ ನಿಂತಿತು. ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ದೂರವಾಣಿಯಿದೆ. ಆದರೆ ಕಾಯುವುದು ನಿಂತಿದೆಯೆ? ಹೋಟೆಲಿನ ಗಿರಾಕಿಯ ಗದ್ದಲದಲ್ಲಿ ಕರೆ ಕೇಳಿಸದೆ ಹೋಗುತ್ತದೆ. ಕೆಲಸದ ವೇಳೆಯಲ್ಲಿ ದೂರವಾಣಿಯನ್ನು ಬದಿಗಿಡಬೇಕೆಂಬ ನಿಯಮ ಇನ್ನು ಕೆಲವೆಡೆ. ಕರೆ ಸಿಕ್ಕಿದರೂ ಅತ್ತೆಯನ್ನು ಕೇಳು, ಅಣ್ಣನನ್ನು ಕೇಳು ಎಂದು ಮಾತು ಸುತ್ತುತ್ತದೆ. ಯಂತ್ರ ಬದಲಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ.

ತಾಯಂದಿರ ಮರಣವನ್ನು ಅಭ್ಯಸಿಸಿದ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ೧೯೯೪ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ ಆಗುವ ವಿಳಂಬ ಮೊದಲನೆಯದು. ಆಸ್ಪತ್ರೆಯನ್ನು ತಲಪುವ ವಿಳಂಬ ಎರಡನೆಯದು. ತಲಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವಲ್ಲಿನ ವಿಳಂಬ ಮೂರನೆಯದು. ಎರಡನೆಯದಕ್ಕೂ ಮೂರನೆಯದಕ್ಕೂ ಸರಕಾರವು, ರಸ್ತೆಯು, ವೈದ್ಯರು ಉತ್ತರ ಹೇಳಬೇಕು. ಮೊದಲನೆಯದಕ್ಕೆ ಮಾತ್ರ ಮನೆಯವರಾದ ನಾವೇ ಹೊಣೆ. ಅದನ್ನು ನಿವಾರಿಸಲು ಒಂದು ಕಾಸಿನ ವೆಚ್ಚವೂ ಇಲ್ಲ.

ಒಂದು ರಾತ್ರಿಯ ವಿಳಂಬವು ಇಷ್ಟು ದೊಡ್ಡದೇಕೆ ಎಂಬುದನ್ನು ತಿಳಿಯಬೇಕಾದರೆ ಗರ್ಭದೊಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ಅರಿಯಬೇಕು. ಶಿಶುವು ಉಸಿರಾಡುವುದು ತಾಯಿಯ ಮೂಲಕ. ಮಾಸು ಮತ್ತು ಹೊಕ್ಕುಳಬಳ್ಳಿಗಳ ಮೂಲಕ ಹರಿಯುವ ರಕ್ತವೇ ಅದಕ್ಕೆ ಪ್ರಾಣವಾಯುವನ್ನು ತಂದೊದಗಿಸುತ್ತದೆ. ಪ್ರತಿಯೊಂದು ಬೇನೆ ಬಂದಾಗಲೂ ಗರ್ಭಕೋಶವು ಬಿಗಿಯುತ್ತದೆ. ಆಗ ಆ ರಕ್ತಪ್ರವಾಹವು ಕ್ಷಣಕಾಲ ಕುಗ್ಗುತ್ತದೆ. ಗಟ್ಟಿ ಶಿಶುವು ಅದನ್ನು ಸಹಿಸಿ ಮತ್ತೆ ಚೇತರಿಸಿಕೊಳ್ಳುತ್ತದೆ. ಬೇನೆಯು ಅತಿಯಾಗಿ ಉದ್ದವಾದರೆ, ಮಾಸು ಬಲಹೀನವಾಗಿದ್ದರೆ, ಬಳ್ಳಿಯು ಒತ್ತಿಕೊಂಡರೆ ಚೇತರಿಕೆಯು ತಡವಾಗುತ್ತದೆ. ಆ ದಣಿವನ್ನು ಶಿಶುವು ಅತ್ತು ಹೇಳಲಾರದು. ಅದರ ಹೃದಯದ ಬಡಿತ ಹೇಳುತ್ತದೆ.

ಸುಖವಾಗಿರುವ ಶಿಶುವಿನ ಹೃದಯವು ನಿಮಿಷಕ್ಕೆ ೧೧೦ರಿಂದ ೧೬೦ರ ವರೆಗೆ ಬಡಿಯುತ್ತದೆ. ವಿಶ್ರಾಂತಿಯಲ್ಲಿರುವ ಬೆಳೆದ ಮನುಷ್ಯನ ನಾಡಿಯಾದರೋ ೬೦ರಿಂದ ೧೦೦. ಶಿಶುವಿನ ಬಡಿತವು ೧೧೦ಕ್ಕಿಂತ ಕೆಳಗಿಳಿದು ನಿಂತರೆ, ೧೬೦ನ್ನು ಮೀರಿ ಹಾಗೆಯೇ ಉಳಿದರೆ, ಅಥವಾ ಬೇನೆ ಕಳೆದ ಮೇಲೆಯೂ ಮೊದಲಿನ ವೇಗಕ್ಕೆ ಮರಳದೆ ಹೋದರೆ ಅದು ಎಚ್ಚರಿಕೆಯ ಗಂಟೆ. ಎಲ್ಲ ಸಲವೂ ಅಪಾಯವೇ ಎಂದಲ್ಲ. ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಿದರೆ ಸರಿಹೋಗುವುದೂ ಉಂಟು. ತಾಯಿಗೆ ಜ್ವರವಿದ್ದರೂ ಮಗುವಿನ ಬಡಿತ ಏರುವುದುಂಟು. ಆದರೆ ಅದನ್ನು ನಿರ್ಣಯಿಸುವುದು ಬಲ್ಲವರ ಕೆಲಸ. ನಿರ್ಣಯಿಸಲು ಯಾರಾದರೂ ಆಲಿಸಬೇಕು.

ಈ ಆಲಿಸುವ ವಿದ್ಯೆಗೆ ಇನ್ನೂರು ವರ್ಷಗಳ ಚರಿತ್ರೆಯುಂಟು. ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು ೧೮೧೬ರಲ್ಲಿ ಎದೆಯ ಸದ್ದು ಕೇಳುವ ಕೊಳವೆಯನ್ನು ಕಂಡುಹಿಡಿದನು. ೧೮೧೮ರಲ್ಲಿ ಜಿನೀವಾದ ಮೇಯರ್ ಎಂಬವನು ಬಸುರಿಯ ಹೊಟ್ಟೆಗೆ ಕಿವಿಯಿಟ್ಟು ಶಿಶುವಿನ ಎದೆಬಡಿತವನ್ನು ಕೇಳಿದ ಸಂಗತಿಯು ಪ್ರಕಟವಾಯಿತು. ೧೮೨೧ರಲ್ಲಿ ಕೆರ್ಗರಾಡೆಕ್ ಎಂಬ ಫ್ರೆಂಚ್ ವೈದ್ಯನು ಗರ್ಭದ ನೀರಿನ ಸದ್ದನ್ನು ಕೇಳಬೇಕೆಂದು ಕೊಳವೆಯಿಟ್ಟು, ಕೇಳಿದುದು ಹೃದಯದ ಸದ್ದನ್ನು! ೧೮೯೫ರಲ್ಲಿ ಪಿನಾರ್ ಎಂಬವನು ಇದಕ್ಕೆಂದೇ ತುತ್ತೂರಿಯ ಆಕಾರದ ಸಣ್ಣ ಕೊಳವೆಯೊಂದನ್ನು ರೂಪಿಸಿದನು. ವಿದ್ಯುತ್ತಿಲ್ಲದೆ, ರಿಪೇರಿಯಿಲ್ಲದೆ ಅದು ಈಗಲೂ ಕೆಲಸ ಮಾಡುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಡಾಪ್ಲರ್ ಉಪಕರಣವೂ ಬಳಕೆಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ಬೇನೆಯು ಬಲಗೊಂಡ ಮೇಲೆ ೧೫ರಿಂದ ೩೦ ನಿಮಿಷಗಳಿಗೊಮ್ಮೆ, ತಾಯಿಯು ಮುಕ್ಕುವ ಹಂತದಲ್ಲಿ ೫ ನಿಮಿಷಗಳಿಗೊಮ್ಮೆ, ಪ್ರತಿಸಲವೂ ಕನಿಷ್ಠ ಪೂರ್ತಿ ಒಂದು ನಿಮಿಷ, ಬೇನೆಯ ವೇಳೆಯಲ್ಲಿಯೂ ಅದು ಕಳೆದ ಕೂಡಲೆಯೂ ಆಲಿಸತಕ್ಕದ್ದು.

ಇಲ್ಲಿ ನಮ್ಮವರಲ್ಲಿ ಬೆಳೆದಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಬೇಕು. ಹೊಟ್ಟೆಗೆ ಎರಡು ಪಟ್ಟಿ ಬಿಗಿದು, ಉದ್ದಕ್ಕೂ ಕಾಗದದ ಮೇಲೆ ಗೆರೆ ಬರೆಯುವ ಯಂತ್ರವೊಂದುಂಟು. ಅದು ೧೯೬೦ರ ದಶಕದ ಕೊನೆಯಲ್ಲಿ ಪೇಟೆಗೆ ಬಂದಿತು. ಅಂತಹ ಯಂತ್ರವಿರುವ ಖಾಸಗಿ ಆಸ್ಪತ್ರೆಯೇ ಶ್ರೇಷ್ಠವೆಂದು ತಿಳಿದು, ಧಣಿಯಿಂದ ಮುಂಗಡ ಪಡೆದು, ಸಾಲ ಮಾಡಿ ಹಣ ಸುರಿಯುವವರಿದ್ದಾರೆ. ಡಬ್ಲಿನ್ ನಗರದಲ್ಲಿ ಸುಮಾರು ೧೩ ಸಾವಿರ ಹೆರಿಗೆಗಳ ಮೇಲೆ ನಡೆದು ೧೯೮೫ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಕಂಡುಬಂದುದೇನು? ಯಂತ್ರವಿದ್ದ ಪಂಗಡದ ಶಿಶುಗಳಲ್ಲಿ ಸೆಳವಿನ ರೋಗವು ಅರ್ಧಕ್ಕೆ ಇಳಿದಿತ್ತು. ಆದರೆ ಮರಣದಲ್ಲಿ ವ್ಯತ್ಯಾಸವಿರಲಿಲ್ಲ. ೨೦೧೭ರಲ್ಲಿ ೩೭ ಸಾವಿರಕ್ಕೂ ಮಿಕ್ಕಿದ ತಾಯಂದಿರನ್ನೊಳಗೊಂಡ ೧೩ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ತೀರ್ಮಾನ. ಯಂತ್ರವಿದ್ದಲ್ಲಿ ಸಿಸೇರಿಯನ್ ಶಸ್ತ್ರಕ್ರಿಯೆ ಮಾತ್ರ ಹೆಚ್ಚು. ಆದಕಾರಣ ಆರೋಗ್ಯವಂತಳಾದ, ತೊಡಕಿಲ್ಲದ ಗರ್ಭಿಣಿಗೆ ಈ ಯಂತ್ರವನ್ನು ಎಡೆಬಿಡದೆ ಕಟ್ಟಬೇಕಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಹೇಳಿತು.

ಯಂತ್ರವು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ರಕ್ತದೊತ್ತಡವೇರಿದವಳು, ಸಕ್ಕರೆ ಕಾಯಿಲೆಯುಳ್ಳವಳು, ಅವಳಿ ಮಕ್ಕಳನ್ನು ಹೊತ್ತವಳು, ಹಿಂದೊಮ್ಮೆ ಸಿಸೇರಿಯನ್ ಆದವಳು, ಹೆರಿಗೆಯ ನಡುವೆ ರಕ್ತಸ್ರಾವವಾದವಳು, ಶಿಶುವಿನ ಬೆಳವಣಿಗೆ ಕುಂಠಿತವಾದವಳು, ಇಂತಹವರಿಗೆ ಎಡೆಬಿಡದ ನಿಗಾ ಬೇಕು; ಶಸ್ತ್ರಕ್ರಿಯೆಗೂ ರಕ್ತ ಕೊಡುವುದಕ್ಕೂ ಅನುಕೂಲವಿರುವ ಆಸ್ಪತ್ರೆಯೇ ಅವರಿಗೆ ಬೇಕು. ಉಳಿದವರ ವಿಷಯದಲ್ಲಿ “ನಿಮ್ಮಲ್ಲಿ ದೊಡ್ಡ ಯಂತ್ರವಿದೆಯೆ?” ಎಂಬುದು ಮೊದಲ ಪ್ರಶ್ನೆಯಲ್ಲ. “ರಾತ್ರಿ ಅರ್ಧ ಗಂಟೆಗೊಮ್ಮೆ ಮಗುವಿನ ಬಡಿತವನ್ನು ಆಲಿಸಿ ಬರೆದಿಡುವವರು ಯಾರು? ಬಡಿತ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಶಸ್ತ್ರಕ್ರಿಯೆ ಮಾಡಬಲ್ಲಿರಿ? ಇಲ್ಲವಾದರೆ ಎಲ್ಲಿಗೆ ಕಳುಹಿಸುವಿರಿ?” ಎಂದು ಕೇಳಬೇಕು. ಇನ್ನು, ಮನೆಯಲ್ಲಿಯೇ ಬಡಿತ ಕೇಳಿರೆಂದು ಮಾರುವ ಸಣ್ಣ ಉಪಕರಣಗಳನ್ನು ನೆಚ್ಚಬಾರದು. ಅಭ್ಯಾಸವಿಲ್ಲದವರು ತಾಯಿಯ ನಾಡಿಯನ್ನೇ ಮಗುವಿನದೆಂದು ಭ್ರಮಿಸಿ, ಹೋಗಬೇಕಾದ ಗಳಿಗೆಯಲ್ಲಿ ಮನೆಯಲ್ಲಿಯೇ ಉಳಿದುಬಿಡುವ ಅಪಾಯವುಂಟು.

ದಾದಿಯ ಕಿವಿಗಿಂತ ಮೊದಲೇ ಎಚ್ಚರಗೊಳ್ಳುವವಳು ತಾಯಿ. ಮಗುವಿನ ಚಲನೆಯು ಆಕೆಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು. ಎಂದಿನಂತೆ ಹೊರಳುತ್ತಿದ್ದ ಮಗು ಮಂಕಾಯಿತೆಂದು ಆಕೆಗೆ ತೋರಿದರೆ “ಹೆರಿಗೆ ಹತ್ತಿರವಾದಾಗ ಹಾಗೆಯೇ” ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಆ ಸಮಾಧಾನವು ತಪ್ಪು. ಹೆರಿಗೆ ಹತ್ತಿರವಾದರೂ ಚಲನೆ ಕಡಿಮೆಯಾಗಬಾರದು. ಕಡಿಮೆಯಾದರೆ ನಾಳೆಗಲ್ಲ, ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ಇತರ ಚಿಹ್ನೆಗಳನ್ನೂ ಗಂಡಸರಾದ ನಾವು ಕಂಠಸ್ಥ ಮಾಡಿಕೊಳ್ಳಬೇಕು. ಇವು ಹೆಂಗಸರ ವಿಷಯವೆಂದು ಮುಖ ತಿರುಗಿಸುವುದು ಸಭ್ಯತೆಯಲ್ಲ. ಯಾವ ತಿಂಗಳಲ್ಲಾಗಲಿ ರಕ್ತ ಹೋಗುವುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳು ಊದಿಕೊಳ್ಳುವುದು, ಎದೆಗುಂಡಿಗೆಯ ಕೆಳಗೆ ನೋವು: ಇವು ನಮ್ಮ ಹಿರಿಯರು ಬಸುರಿಯ ನಂಜು ಎನ್ನುತ್ತಿದ್ದುದರ ಗುರುತುಗಳು. ಇಪ್ಪತ್ತು ವಾರಗಳ ಬಳಿಕ ರಕ್ತದೊತ್ತಡವು ೧೪೦/೯೦ನ್ನು ಮುಟ್ಟಿದರೆ ಅದನ್ನು ಅಲಕ್ಷಿಸಕೂಡದು. ಅದು ಸೆಳವಿಗೆ ತಿರುಗಿದರೆ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಚುಚ್ಚುಮದ್ದು ಆ ಸೆಳವಿನ ಅಪಾಯವನ್ನು ಅರ್ಧಕ್ಕಿಳಿಸುವುದೆಂದು ೨೦೦೨ರಲ್ಲಿ ಸಿದ್ಧಪಟ್ಟಿದೆ. ಆದರೆ ಅದನ್ನು ಕೊಡಲು ರೋಗಿಯು ಆಸ್ಪತ್ರೆಯಲ್ಲಿರಬೇಕಷ್ಟೆ. ಇನ್ನು, ಒಂಬತ್ತು ತಿಂಗಳು ತುಂಬುವ ಮೊದಲೇ ಬೇನೆ ಅಥವಾ ನೀರು ಹೋಗುವುದು, ಹೋದ ನೀರು ಹಸುರಾಗಿಯೋ ಕಂದಾಗಿಯೋ ಇರುವುದು, ದುರ್ವಾಸನೆ ಬರುವುದು, ಚಳಿಜ್ವರ, ಬಲವಾದ ಬೇನೆಯಲ್ಲಿ ಹನ್ನೆರಡು ಗಂಟೆ ಕಳೆದರೂ ಹೆರಿಗೆಯಾಗದಿರುವುದು. ಹೊಕ್ಕುಳಬಳ್ಳಿಯು ಮಗುವಿಗಿಂತ ಮೊದಲು ಹೊರಬಂದರಂತೂ ನಿಮಿಷಗಳ ಲೆಕ್ಕ: ಅದನ್ನು ಮುಟ್ಟದೆ, ತಾಯಿಯನ್ನು ಮೊಣಕಾಲೂರಿ ಎದೆಯನ್ನು ಹಾಸಿಗೆಗೆ ತಾಗಿಸಿ ಸೊಂಟ ಮೇಲೆ ಮಾಡಿಸಿ, ಕೂಡಲೇ ಸಾಗಿಸಬೇಕು.

ಮಗು ಹುಟ್ಟಿತೆಂಬ ಸುದ್ದಿ ಬಂದೊಡನೆ ಇಲ್ಲಿ ನಾವು ಸಿಹಿ ಹಂಚುತ್ತೇವೆ. ಆದರೆ ತಾಯಿಯ ಪಾಲಿಗೆ ಅತ್ಯಂತ ಅಪಾಯದ ಗಳಿಗೆಗಳು ಆಗಲೇ ಆರಂಭವಾಗುವುದುಂಟು. ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ, ಅಥವಾ ಒಂದು ಗಂಟೆಯೊಳಗೇ ಬಟ್ಟೆ ಪೂರ್ಣ ತೊಯ್ಯುವಷ್ಟು ರಕ್ತ ಹೋದರೆ ತಡಮಾಡುವಂತಿಲ್ಲ. ಕೆಲವೇ ಗಂಟೆಗಳಲ್ಲಿ ಜೀವ ಹೋದೀತು. ಇದಕ್ಕೆ ಪರಿಹಾರ ಹುಡುಕುವುದರಲ್ಲಿ ನಮ್ಮ ನಾಡಿನ ಪಾಲೂ ಇದೆಯೆಂಬುದು ಹೆಮ್ಮೆಯ ವಿಷಯ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ೧,೬೨೦ ತಾಯಂದಿರ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆರಿಗೆಯಾದ ಕೂಡಲೇ ದಾದಿಯರು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಕೊಟ್ಟುದರಿಂದ ಅತಿ ರಕ್ತಸ್ರಾವವು ನೂರಕ್ಕೆ ೧೨ರಿಂದ ೬.೪ಕ್ಕೆ ಇಳಿಯಿತು. ಹಳ್ಳಿಯ ದಾದಿಯು ಏನು ಮಾಡಬಲ್ಲಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆಕೆಯು “ಸಾಗಿಸಿರಿ” ಎಂದರೆ ಆ ಮಾತಿಗೆ ಬೆಲೆ ಕೊಡತಕ್ಕದ್ದು.

“ನಮ್ಮ ಅಜ್ಜಿ ಹತ್ತು ಹೆತ್ತಳು, ಯಾವ ಆಸ್ಪತ್ರೆಗೆ ಹೋಗಿದ್ದಳು?” ಎಂದು ಕೇಳುವವರುಂಟು. ಹತ್ತರಲ್ಲಿ ಎಷ್ಟು ಉಳಿದವೆಂದು ಅವರು ಹೇಳುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಅವರ ಹಿರಿಮೆಯು ತಾಯಿಯ ಬಳಿ ಕುಳಿತು, ಕೈಯಿಂದ ಮುಟ್ಟಿ, ಗಮನವಿಟ್ಟು ನೋಡುವುದರಲ್ಲಿತ್ತು. ಆ ಗಮನವನ್ನೇ ಇಂದಿನ ವೈದ್ಯಶಾಸ್ತ್ರವೂ ಬೇಡುತ್ತದೆ. ಅದರ ಜೊತೆಗೆ ರಕ್ತವನ್ನೂ ಶಸ್ತ್ರಕ್ರಿಯೆಯನ್ನೂ ಒದಗಿಸುತ್ತದೆ.

“ಆಸ್ಪತ್ರೆಗೆ ಹೋದರೆ ಕೊಯ್ದೇ ಬಿಡುತ್ತಾರೆ” ಎಂಬ ಭಯವೂ ನಿರಾಧಾರವಲ್ಲ. ಅನಾವಶ್ಯಕ ಶಸ್ತ್ರಕ್ರಿಯೆಗಳು ನಡೆಯುತ್ತಿವೆ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯ ಬಳಿಕ ಬಾಣಂತಿಯರು ಮೃತರಾದುದು ನಾಡಿನ ಮನಸ್ಸನ್ನು ಕಲಕಿತು. ಅಂತಹ ತಪ್ಪುಗಳಿಗೆ ಲೆಕ್ಕ ಕೇಳುವ ಹಕ್ಕು ನಮಗುಂಟು, ಕೇಳಲೇಬೇಕು. ಆದರೆ ಆ ಭಯದಿಂದ ಮನೆಯಲ್ಲಿ ಕಾದು ಕುಳಿತರೆ ನಷ್ಟವಾಗುವುದು ಯಾರಿಗೆ? ೨೦೧೮-೨೦ರ ಸರಕಾರಿ ಅಂಕಿಗಳಂತೆ ಒಂದು ಲಕ್ಷ ಸಜೀವ ಜನನಗಳಿಗೆ ಭಾರತದಲ್ಲಿ ೯೭ ತಾಯಂದಿರು, ಕರ್ನಾಟಕದಲ್ಲಿ ೬೯, ತಮಿಳುನಾಡಿನಲ್ಲಿ ೫೪, ತೆಲಂಗಾಣದಲ್ಲಿ ೪೩, ಮಹಾರಾಷ್ಟ್ರದಲ್ಲಿ ೩೩, ಕೇರಳದಲ್ಲಿ ೧೯ ತಾಯಂದಿರು ತೀರಿಕೊಂಡರು. ಅದೇ ಕಾಲದಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ೯೭ ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಆಸ್ಪತ್ರೆಯ ಬಾಗಿಲು ಸೇರಿದರೆ ಸಾಲದು, ತಕ್ಕ ಆಸ್ಪತ್ರೆಯನ್ನು ತಕ್ಕ ಗಳಿಗೆಯಲ್ಲಿ ಸೇರಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ನಾವು ದುಡಿಯಲು ಬಂದಿರುವ ರಾಜ್ಯಗಳಿಗಿಂತ ಹೆಣ್ಣುಮಕ್ಕಳನ್ನು ಹೆರಿಗೆಗೆ ಕಳುಹಿಸುವ ನಮ್ಮ ನಾಡಿನಲ್ಲಿ ಅಪಾಯವು ಹೆಚ್ಚಾಗಿತ್ತೆಂಬುದನ್ನು ನಾವು ಮರೆಯಬಾರದು.

ಖರ್ಚಿನ ಮಾತು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ೨೦೧೧ರಲ್ಲಿ ಆರಂಭವಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಮತ್ತು ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಾಟ, ಇವೆಲ್ಲವೂ ಉಚಿತವಾಗಿ ದೊರೆಯತಕ್ಕದ್ದೆಂದು ಅದರ ವಿಧಿ. ಕರ್ನಾಟಕದಲ್ಲಿ ೧೦೮ ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಪ್ರತಿ ತಿಂಗಳ ೯ನೆಯ ತಾರೀಖು ಗರ್ಭಿಣಿಯರ ಉಚಿತ ತಪಾಸಣೆಗೆಂದು ೨೦೧೬ರಿಂದ ಗೊತ್ತಾಗಿದೆ. ಕೇಳದವನಿಗೆ ಇವು ದೊರೆಯುವುದಿಲ್ಲ. ಆದಕಾರಣ ತಿಳಿದು ಕೇಳಬೇಕು.

ಒಪ್ಪಿಗೆಯ ವಿಷಯದಲ್ಲಿ ಇನ್ನೊಂದು ಮಾತು. ವಯಸ್ಕಳಾಗಿ ಎಚ್ಚರವಿರುವ ಹೆಂಗಸಿನ ದೇಹದ ಮೇಲಿನ ಶಸ್ತ್ರಕ್ರಿಯೆಗೆ ಬೇಕಾದುದು ಆಕೆಯ ಒಪ್ಪಿಗೆ. ಆಕೆಯ ಪರವಾಗಿ ಮನೆಯವರು ಕೊಟ್ಟ ಒಪ್ಪಿಗೆಯು ಅದಕ್ಕೆ ಬದಲಾಗಲಾರದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ತೀರ್ಪಿತ್ತಿದೆ. ಕೂಡಲೇ ಮಾಡದಿದ್ದರೆ ಪ್ರಾಣ ಹೋದೀತೆಂಬ ತುರ್ತು ಬಂದರೆ ವೈದ್ಯರು ಆ ಒಪ್ಪಿಗೆಗೂ ಕಾಯಬೇಕಾಗಿಲ್ಲ. ಎಂದಮೇಲೆ ಗಂಡನ ಸಹಿಗಾಗಿ ಕಾಯುವುದು ಕಾನೂನಲ್ಲ, ರೂಢಿ. ರೂಢಿಯನ್ನು ಮುರಿಯುವ ಅಧಿಕಾರವು ಗಂಡನ ಕೈಯಲ್ಲಿಯೇ ಇದೆ.

ಹಾಗಾದರೆ ಮಾಡತಕ್ಕದ್ದೇನು? ಏಳನೆಯ ತಿಂಗಳಲ್ಲಿ ಹೆಂಡತಿಯನ್ನು ತವರಿಗೆ ಕಳುಹಿಸುವಾಗಲೇ ಮಾವನವರಿಗೂ ಅತ್ತೆಯವರಿಗೂ ನೇರವಾಗಿ ಹೇಳಿರಿ. ಸಾಧ್ಯವಾದರೆ ಬರೆದೂ ಕೊಡಿರಿ. “ವೈದ್ಯರು ಅಥವಾ ದಾದಿಯರು ಸಾಗಿಸಿರಿ ಎಂದರೆ, ಇಲ್ಲವೇ ಆಕೆಯೇ ತನಗೆ ಸರಿಯೆನಿಸುತ್ತಿಲ್ಲ ಎಂದರೆ, ನನ್ನನ್ನು ಕೇಳಬೇಡಿರಿ. ಮೊದಲು ಹೊರಡಿರಿ, ದಾರಿಯಿಂದ ತಿಳಿಸಿರಿ.” ನಿಮ್ಮ ತಾಯಿಯವರಿಗೂ ಇದನ್ನು ಮುಂದಾಗಿ ತಿಳಿಸಿರಿ, ಆಮೇಲೆ ಮಾತು ಬರಬಾರದು. ಶಸ್ತ್ರಕ್ರಿಯೆಯ ಸೌಕರ್ಯವುಳ್ಳ ಹತ್ತಿರದ ಆಸ್ಪತ್ರೆ ಯಾವುದು, ಹೋಗಲು ಎಷ್ಟು ಹೊತ್ತು, ನಡುರಾತ್ರಿ ಬರುವ ವಾಹನ ಯಾರದು, ಜೊತೆಗೆ ಹೋಗುವವರಾರು, ರಕ್ತ ಕೊಡಬಲ್ಲ ಇಬ್ಬರು ಯಾರು, ಇಷ್ಟನ್ನು ಗೊತ್ತುಮಾಡಿರಿ. ಅವಶ್ಯವಾದಷ್ಟು ಹಣವನ್ನು ನಿಮ್ಮ ಖಾತೆಯಲ್ಲಲ್ಲ, ಆಕೆಯ ಕೈಯಲ್ಲಿರಿಸಿರಿ. ತಾಯಿ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಗೆ ಸಿಗುವಲ್ಲಿಡಲು ಹೇಳಿರಿ. ಹೆಂಡತಿಯು ಇಲ್ಲಿಯೇ ಇದ್ದರೂ ಈ ಸಿದ್ಧತೆಯೇ ಬೇಕು. ಮುನಿಸಿಪಲ್ ಹೆರಿಗೆ ಆಸ್ಪತ್ರೆಯಲ್ಲಿ ಮೊದಲೇ ಹೆಸರು ನೋಂದಾಯಿಸಿರಿ.

ಹೋಟೆಲು ಮಾಲೀಕರಲ್ಲಿಯೂ ಒಂದು ವಿನಂತಿ. ಕೇಂದ್ರ ಸರಕಾರದ ಗಂಡು ನೌಕರನಿಗೆ ಹೆಂಡತಿಯ ಹೆರಿಗೆಗಾಗಿ ೧೫ ದಿನಗಳ ರಜೆಯುಂಟು. ಹೋಟೆಲಿನ ಮಾಣಿಗೆ ಅಂತಹ ಹಕ್ಕಿಲ್ಲ. ಧಣಿಯ ದಯೆಯೊಂದೇ ಗತಿ. ತಾವೂ ಒಂದು ಕಾಲದಲ್ಲಿ ಊರು ಬಿಟ್ಟು ಬಂದು ಕಪ್ಪು ಬಸಿ ತೊಳೆದವರೇ. ಹೆಂಡತಿಯ ದಿನ ತುಂಬಿರುವ ಕೆಲಸಗಾರನ ದೂರವಾಣಿಯನ್ನು ಬಿಗಿಯಬೇಡಿರಿ. ಕೇಳಿದ ಮುಂಗಡವನ್ನು ಆ ತಿಂಗಳಲ್ಲಿಯೇ ಕೊಡಿರಿ. ಊರಿಗೆ ಹೊರಟವನಿಗೆ ಮರಳಿ ಬಂದಾಗ ಕೆಲಸವಿದೆಯೆಂಬ ಭರವಸೆಯಿತ್ತು ಕಳುಹಿಸಿರಿ.

ನಮ್ಮ ಪರಸ್ಥಳದ ಸಂಘಗಳು ಯಕ್ಷಗಾನಕ್ಕೂ ಸತ್ಯನಾರಾಯಣ ಪೂಜೆಗೂ ಜನ ಸೇರಿಸುತ್ತವೆ. ಅದೇ ಸಭೆಯಲ್ಲಿ ಅರ್ಧ ಗಂಟೆಯ ಕಾಲ ಯಾರಾದರೊಬ್ಬ ಕನ್ನಡ ಬಲ್ಲ ವೈದ್ಯರನ್ನು ಕರೆಸಿ, ಈ ಚಿಹ್ನೆಗಳನ್ನು ಗಂಡಸರ ಮುಂದೆಯೇ ಹೇಳಿಸಿದರೆ ಅದೂ ಒಂದು ಸೇವೆಯಾಗುವುದು.

ನನ್ನ ಮನೆಯ ಪೆಟ್ಟಿಗೆಯಲ್ಲಿ ಆ ೧೯೮೮ರ ತಂತಿಯ ಕಾಗದವು ಈಗಲೂ ಇದೆ. ನನ್ನ ಹೆಂಡತಿಯು ಅದನ್ನು ಎಸೆಯಲು ಬಿಡಲಿಲ್ಲ. ಏಕೆಂದು ನಾನೂ ಕೇಳಲಿಲ್ಲ. ಕಳೆದ ವರ್ಷ ಮಗಳು ಹೆರಿಗೆಗೆ ಬಂದಾಗ ಅಳಿಯನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳಿದನು: “ಮಾವ, ಏನಾದರೂ ಆದರೆ ನನ್ನನ್ನು ಕೇಳಲು ಕಾಯಬೇಡಿ.” ಒಳಗಿನಿಂದ ಅದನ್ನು ಕೇಳಿಸಿಕೊಂಡ ನನ್ನ ಹೆಂಡತಿಯು ಹೊರಬಂದು ಅವನ ಕೈಯಿಂದ ಚೀಲವನ್ನು ತೆಗೆದುಕೊಂಡಳು. ಓದುಗ ಬಂಧುಗಳಲ್ಲಿ ಯಾರ ಮನೆಯಲ್ಲಿ ದಿನ ತುಂಬುತ್ತಿದೆಯೋ ಅವರು ಆ ಒಂದು ಮಾತನ್ನು ಈ ರಾತ್ರಿಯೇ ಊರಿಗೆ ತಿಳಿಸಲಿ.